ಮೀನು ಕಟ್ಟಿದ ಊರು

ನಮ್ಮ ಮನೆಯಲ್ಲಿ ಉಸುಕಿಗೊಂದು ಸ್ವಂತ ಕೋಣೆ ಇತ್ತು. ಅಬ್ಬಾ, ಅಮ್ಮಾ, ಅಬ್ಬಾನ ತಾಯಿ ದಾದಿ ಮತ್ತು ನಾನು, ನಾವು ನಾಲ್ವರು ಮನುಷ್ಯರು ಪಡಸಾಲೆಯಲ್ಲಿ ಒಬ್ಬರ ಕಾಲು ಒಬ್ಬರಿಗೆ ತಾಗಿಸಿಕೊಂಡು ಮಲಗುತ್ತಿದ್ದೆವು. ಬಾಗಿಲು, ಚಿಲಕ ಎಲ್ಲ ಇದ್ದ ಒಳಕೋಣೆ ಮಾತ್ರ ಉಸುಕಿನದು. ಅಬ್ಬಾ ತಾಂಬಾ ಊರಿನಲ್ಲಿ ಗೌಂಡಿ. ಗೋಡೆ ಕಟ್ಟುವವರೆಲ್ಲ ನಮ್ಮ ಕಡೆ ಗೌಂಡಿಗಳೇ, ಆದರೆ ಊರಲ್ಲಿ ಬರೀ ಗೌಂಡಿ ಎಂದರೆ ನಮ್ಮ ಅಬ್ಬಾ ಮಾಬುಸಾಬ ಎಂದೇ ಅರ್ಥ. ಭೀಮಾ ಹೊಳೆಯ ಉಸುಕು ದೇವಣಗಾಂವದ ಕಡೆಯಿಂದ ಬಂದು ನಮ್ಮ ಅಂಗಳದಲ್ಲಿ ಬೀಳುತ್ತಿತ್ತು. ಅದನ್ನು ಜರಡಿ ಹಿಡಿದು, ಗೋಡೆಗೆ ಮೆತ್ತುವ ಗಿಲಾವಿಗೆ ಸಣ್ಣದು, ಕಟ್ಟಲು ಉರುಟಾದದ್ದು ಎಂದು ಬೇರೆ ಮಾಡಿ, ಮಳೆಗೆ ಕೊಚ್ಚಿ ಹೋಗಬಾರದೆಂದು ಒಳಗೆ ಒಟ್ಟುತ್ತಿದ್ದರು. ಉಸುಕು ಇಳಿಸಿಕೊಳ್ಳುವ ಮುಂಚೆ ಒಂದು ಹಿಡಿ ಅಂಗೈಯಲ್ಲಿ ತಿಕ್ಕಿ ಕಿವಿಯ ಹತ್ತಿರ ಹಿಡಿದು ಕೇಳುವುದು ಅವರ ಪದ್ಧತಿ. ಮಣ್ಣು ಬೆರೆತಿದ್ದರೆ ಸಪ್ಪಳ ಬರುವುದಿಲ್ಲ, ಚೊಕ್ಕ ಉಸುಕಾದರೆ ಗರಗರ ಎನ್ನುತ್ತದೆ. ಸುತ್ತಲ ಊರುಗಳಲ್ಲಿ ಮನೆ ಕಟ್ಟಿಸುವವರು ಬರೀ ಉಸುಕು ನೋಡಿ ಹೇಳಲಿಕ್ಕೆ ಅಬ್ಬಾನನ್ನು ಕರೆದೊಯ್ಯುತ್ತಿದ್ದರು. ಹೂವಿನ ಹಿಪ್ಪರಗಿಯ ತನಕ ಹೋಗಿ ಬಂದದ್ದುಂಟು. ಅಬ್ಬಾ ಇಲ್ಲವೆಂದು ತಲೆ ಅಲ್ಲಾಡಿಸಿದರೆ ತುಂಬಿದ ಗಾಡಿ ಹಾಗೆಯೇ ತಿರುಗಿ ಹೋಗಬೇಕು. ಅವರ ಮಾತಿಗೆ ಅಷ್ಟು ತೂಕ ಇತ್ತು.

ಮನೆಯೊಳಗೆ ಮಾತ್ರ ಆ ತೂಕವೇನೂ ನಡೆಯುತ್ತಿರಲಿಲ್ಲ. ಉಸುಕು ಚಾಪೆಯಲ್ಲಿ, ಹಾಸಿಗೆಯಲ್ಲಿ, ಜೋಳದ ಹಿಟ್ಟಿನಲ್ಲಿ ಎಲ್ಲೆಲ್ಲೂ ಇರುತ್ತಿತ್ತು. ಅಮ್ಮಾ ದಿನಕ್ಕೆ ನಾಲ್ಕು ಸಲ ಕಸ ಹೊಡೆಯುತ್ತಿದ್ದಳು, ಹೊಡೆದು ಕೂತ ಗಳಿಗೆಯಲ್ಲೇ ಕಾಲಡಿ ಮತ್ತೆ ಕರಕರ. ದಾದಿ ರೊಟ್ಟಿ ಮುರಿದು ಬಾಯಿಗಿಟ್ಟು ಒಂದು ಸಲ ಅಗಿದು ನಿಲ್ಲಿಸುತ್ತಿದ್ದಳು.

“ಈ ಮನ್ಯಾಗ ರೊಟ್ಟಿಗಿಂತ ಉಸುಕಽ ಹೆಚ್ಚ ತಿಂದೀನಿ ನೋಡು. ಸತ್ತ ಮ್ಯಾಲೆ ನನಗ ಮಣ್ಣ ಹಾಕೂದ ಬ್ಯಾಡ, ಒಳಗಽ ತುಂಬೇತಿ.”

ಅಬ್ಬಾ ನಗುತ್ತಿದ್ದರು. ಆ ನಗೆಯನ್ನು ನೆನೆಸಿಕೊಳ್ಳುವುದೇ ಈಗ ನನಗೊಂದು ಆಯಾಸ. ಅರವತ್ತು ದಾಟಿದ್ದೇನೆ, ಮೊಣಕಾಲು ಮಾತು ಕೇಳುವುದಿಲ್ಲ, ನನ್ನ ಬದುಕಿನ ಈ ಅಧ್ಯಾಯ ಬರೆಯಲು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಅಬ್ಬಾ ಇದ್ದಿದ್ದರೆ ಬರೆಯಲು ಬಿಡುತ್ತಿರಲಿಲ್ಲ. ಅವರು ಹೋಗಿ ವರ್ಷವಾಯಿತು, ಬಿಡುವುದಿಲ್ಲ ಎನ್ನುವವರು ಈಗ ಯಾರೂ ಇಲ್ಲ.

ನಮ್ಮ ಹಿತ್ತಲಿಗೂ ಕುಲಕರ್ಣಿ ಮಾಸ್ತರರ ಹಿತ್ತಲಿಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಬಗ್ಗಿ ಹೋಗುವಷ್ಟು ಸಣ್ಣ ದಿಡ್ಡಿ ಬಾಗಿಲು. ಮಾಸ್ತರರ ಹೆಂಡತಿ ಇಂದಿರಾ ಕಾಕು. ಅವರ ತವರು ಸೊಲ್ಲಾಪುರದ ಕಡೆ. ಅರ್ಧ ಮರಾಠಿ, ಅರ್ಧ ಕನ್ನಡ, ಸಿಟ್ಟು ಬಂದರೆ ಪೂರ್ತಿ ಮರಾಠಿ. ಸಾಲೆಯಿಂದ ಬಂದೊಡನೆ ನಾನು ದಿಡ್ಡಿಯಿಂದ ನುಗ್ಗಿ ಅವರ ಹಿತ್ತಲಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಕಾಕು ಅಕ್ಕಿ ಆರಿಸುತ್ತಲೋ ಬತ್ತಿ ಹೊಸೆಯುತ್ತಲೋ ನನಗೆ ಓದಿಸುತ್ತಿದ್ದರು. ಕಟ್ಟೆಯಿಂದ ಒಳಗೆ ನಾನು ಹೋಗುತ್ತಿರಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಒಳಗೆ ಕಾಕುವಿನ ಅತ್ತೆ ಇದ್ದರು, ಎಲ್ಲರೂ ಆಯಿ ಎನ್ನುತ್ತಿದ್ದೆವು. ಆಯಿಯ ಮಡಿ ಕಟ್ಟುನಿಟ್ಟು. ನೀರಿನ ಕೊಡದ ಮೇಲೆ ನನ್ನ ನೆರಳು ಬಿದ್ದರೆ ಗದರುತ್ತಿದ್ದರು, ಅದೇ ಆಯಿ ಸಂಜೆ ಹೊತ್ತು ದೂರದಿಂದಲೇ ನನ್ನ ಉಡಿಗೆ ಸೇಂಗಾದ ಉಂಡೆ ಎಸೆಯುತ್ತಿದ್ದರು. ನಾನು ಒಂದು ಸಲವೂ ಹಿಡಿಯದೆ ಬಿಟ್ಟವಳಲ್ಲ. ನನಗೆ ಗೊತ್ತಿರುವ ಅಕ್ಷರವೆಲ್ಲ ಆ ಕಟ್ಟೆಯದು.

ನಾನು ಸಾಲೆಯಲ್ಲಿ ಎರಡನೇ ಇಯತ್ತೆಯಲ್ಲಿದ್ದಾಗ ಒಬ್ಬ ಗುತ್ತಿಗೆದಾರ ನಮ್ಮ ಭಾಗದ ಗೌಂಡಿಗಳನ್ನು ಕೂಡಿಸಿ ಲಕ್ಷದ್ವೀಪದ ಒಂದು ನಡುಗಡ್ಡೆಗೆ ಕೆಲಸಕ್ಕೆ ಕರೆದೊಯ್ದ. ಅಲ್ಲಿ ಸರಕಾರಿ ನೌಕರರ ಮನೆ ಕಟ್ಟಬೇಕಿತ್ತು. ಅಬ್ಬಾ ಅಲ್ಲಿ ಎರಡು ವರ್ಷ ಇದ್ದರು. ಮುದ್ದೇಬಿಹಾಳದ ಇನ್ನೊಬ್ಬ ಗೌಂಡಿ ಅಬ್ಬಾ ಹೇಳಿದ್ದನ್ನು ಬರೆದು ಪತ್ರ ಹಾಕುತ್ತಿದ್ದ. ಅಮ್ಮಾನಿಗೆ ಓದಲು ಬರುತ್ತಿರಲಿಲ್ಲ. ಪತ್ರ ಹಿಡಿದು ದಿಡ್ಡಿಯ ಬಳಿ ನಿಲ್ಲುತ್ತಿದ್ದಳು, ಕಾಕು ಆಚೆ ನಿಂತು ಓದಿ ಹೇಳುತ್ತಿದ್ದರು. ಗಂಡ ಹೆಂಡತಿಗೆ ಬರೆದದ್ದನ್ನು ಮೂರನೆಯವರು ಗಟ್ಟಿಯಾಗಿ ಓದುವಾಗ ಅಮ್ಮಾ ಸೆರಗು ಬಾಯಿಗೆ ಹಿಡಿಯುತ್ತಿದ್ದಳು, ಕಾಕು ಕೆಲವು ಸಾಲು ತಾವೇ ನುಂಗಿಬಿಡುತ್ತಿದ್ದರು. ಆ ಎರಡು ವರ್ಷ ನಮ್ಮ ಮನೆ ನಡೆದದ್ದು ಆ ದಿಡ್ಡಿಯಿಂದ.

ತಿರುಗಿ ಬಂದ ಅಬ್ಬಾ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದರ ಜೊತೆಗೆ ಒಂದು ದೊಡ್ಡ ಡಬ್ಬಿ ತುಂಬ ಬಿಳಿ ಉಸುಕು ತಂದರು. ಹಾಲಿನಷ್ಟು ಬಿಳಿ. ದಾದಿ ಹಣೆ ಹಣೆ ಬಡಿದುಕೊಂಡಳು. ಲೋಕದ ಮಂದಿ ಪರದೇಶದಿಂದ ಸೀರೆ ತಂದರೆ ತನ್ನ ಮಗ ಉಸುಕು ತಂದನಲ್ಲ ಎಂದು. ಆಮೇಲೆ ಶುಕ್ರವಾರದ ಮಧ್ಯಾಹ್ನಗಳು ಶುರುವಾದವು. ಅಬ್ಬಾ ನಮಾಜು ಮುಗಿಸಿ ಬಂದು, ಊಟ ಮಾಡಿ, ತಾಟು ಸರಿಸಿ, ನೆಲದ ಮೇಲೆ ಬೆರಳಿನಿಂದ ಆ ನಡುಗಡ್ಡೆಯನ್ನು ಬರೆಯುತ್ತಿದ್ದರು. ಉದ್ದ ಸವತೆಕಾಯಿಯಂಥ ಒಂದು ಗೆರೆ, ಅದರ ಸುತ್ತ ದೂರದಲ್ಲಿ ಇನ್ನೊಂದು ಗೆರೆ. ಒಳಗಿನದು ಊರು, ಹೊರಗಿನದು ನೀರೊಳಗಿನ ಹವಳದ ದಂಡೆ. ಅಮ್ಮಾ ಪಾತ್ರೆ ತಿಕ್ಕುವುದನ್ನು ಬಿಟ್ಟು ಬಂದು ಕೂರುತ್ತಿದ್ದಳು. ನನ್ನ ಬಾಲ್ಯದಲ್ಲಿ ನಾವು ನಾಲ್ವರೂ ಸುಮ್ಮನೆ ಒಂದೆಡೆ ಕೂತ ಹೊತ್ತು ಎಂದರೆ ಅದೊಂದೇ.

“ನಮ್ಮ ಹೊಳಿ ಉಸುಕು ಕಲ್ಲಿಂದು. ಗುಡ್ಡ ಒಡದು, ನೀರಾಗ ಉರುಳಿ ಉರುಳಿ ಆಗಿದ್ದು. ಅಲ್ಲಿ ಗುಡ್ಡ ಇಲ್ಲ, ಹೊಳಿ ಇಲ್ಲ. ಮತ್ತ ಅಷ್ಟು ಉಸುಕು ಎಲ್ಲಿಂದ ಬಂತು ಹೇಳ್ರಿ?” ಎಂದು ಒಂದು ಶುಕ್ರವಾರ ಕೇಳಿದರು ಅಬ್ಬಾ.

“ನಿನ್ನ ತಲ್ಯಾಗಿಂದ ಬಂದಿರಬೇಕು,” ಎಂದಳು ದಾದಿ.

“ಹವಳ ಮಾಡತೈತಿ ಅವ್ವಾ.”

“ಹವಳ ಕೊಳ್ಳಾಗ ಹಾಕ್ಕೊಳ್ಳೂದು. ಅದೇನು ದುಡೀತೈತಿ?”

“ಅದು ಬ್ಯಾರೆ. ಇದು ಒಂದು ಹುಳದ ಜಾತಿ, ಕಾಳಿನಷ್ಟು ಇರ್ತೈತಿ. ನೀರಾಗಿನ ಸುಣ್ಣ ಹೀರಿ ತನ್ನ ಸುತ್ತ ಮನಿ ಕಟ್ಕೋತೈತಿ. ಅದು ಸತ್ರ ಅದರ ಮನಿ ಮ್ಯಾಲೆ ಇನ್ನೊಂದು ಕಟ್ಟತೈತಿ. ಹಿಂಗ ಕಟ್ಟಿ ಕಟ್ಟಿ ಸಮುದ್ರದಾಗ ಹರದಾರಿಗಟ್ಟಲೆ ಗ್ವಾಡಿ ಎದ್ದೈತಿ. ಗೌಂಡಿ ಇಲ್ಲ, ಒಳಂಬ ಇಲ್ಲ.”

ಒಳಂಬ ಎಂದರೆ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿ ಇಳಿಬಿಡುವ ದಾರದ ಗುಂಡು. ಅದಿಲ್ಲದೆ ಕಟ್ಟಿದ ಗೋಡೆ ನಿಲ್ಲುತ್ತದೆ ಎಂಬುದು ಅಬ್ಬಾನಿಗೆ ಎಲ್ಲಕ್ಕಿಂತ ದೊಡ್ಡ ಸೋಜಿಗ. ಆಮೇಲೆ ಮೀನಿನ ಮಾತು ಬಂತು. ಅಲ್ಲಿಯ ಒಬ್ಬ ಮುದುಕ ಅಬ್ಬಾನನ್ನು ದೋಣಿಯಲ್ಲಿ ಕರೆದೊಯ್ದು, ನೀರಿನಲ್ಲಿ ತಲೆ ಮುಳುಗಿಸಿ ನೋಡು ಎಂದನಂತೆ. ಗಿಳಿಯ ಕೊಕ್ಕಿನಂಥ ಬಾಯಿಯ ಮೀನುಗಳು, ಬಣ್ಣವೂ ಗಿಳಿಯದೇ, ಹವಳದ ಗೋಡೆಯನ್ನು ಕಡಿಯುತ್ತಿದ್ದವಂತೆ.

“ಕರಕರ ಅಂತ ನೀರೊಳಗ ಕೇಳಸ್ತೈತಿ. ಕಡದದ್ದು ಹೊಟ್ಟ್ಯಾಗ ಬೀಸಿ, ಬೇಕಾದ್ದು ಇಟ್ಕೊಂಡು, ಉಳದದ್ದು ಹಿಂದಿನಿಂದ ಬಿಡತಾವ. ಬೆಳ್ಳನ ಉಸುಕು. ಅವೊಂದಽ ಅಲ್ಲ, ಸಿಂಪಿ, ಶಂಖ, ಸುಣ್ಣದ ಎಲಿ ಇರೂ ಪಾಚಿ, ಎಲ್ಲಾ ಸತ್ತು ಪುಡಿ ಆಗಿ ಬರತೈತಿ. ತೆರಿ ಅದನ್ನ ದಂಡಿ ದಾಟಿಸಿ ತಂದು ಒಂದ ಕಡೆ ಒಟ್ಟತಾವ. ಹಂಗ ಆಗಿದ್ದು ಆ ಊರು. ಹವಳ ಸತ್ರ ಉಸುಕು ನಿಲ್ಲತೈತಿ, ಉಸುಕು ನಿಂತ್ರ ಊರು ಕರಗತೈತಿ ಅಂದಾ ಆ ಮುದುಕ.”

“ಅಂದ್ರ ಅಲ್ಲಿ ಮಂದಿ ಮೀನಿನ ಹೇಲಿನ ಮ್ಯಾಲೆ ಮನಿ ಕಟ್ಕೊಂಡಾರೇನು?” ಎಂದಳು ದಾದಿ.

“ಮನಿ, ಮಸೀದಿ, ತೆಂಗಿನ ಗಿಡ, ಎಲ್ಲಾ ಅದರ ಮ್ಯಾಲೆನಽ.”

“ತೋಬಾ, ತೋಬಾ! ಮಸೀದಿ ಹೆಸರು ತಗೀಬ್ಯಾಡ.” ದಾದಿ ಎರಡೂ ಕೆನ್ನೆ ಬಡಿದುಕೊಂಡಳು.

ಅಬ್ಬಾ ಎದ್ದು ಹಿತ್ತಲಿನ ಗಿಡದಿಂದ ಒಂದು ಲಿಂಬೆಹಣ್ಣು ಕಿತ್ತು ತಂದರು. ಎರಡು ಬಟ್ಟಲು ಇಟ್ಟರು. ಒಂದರಲ್ಲಿ ಭೀಮಾ ಹೊಳೆಯ ಉಸುಕು, ಇನ್ನೊಂದರಲ್ಲಿ ಡಬ್ಬಿಯದು. ಎರಡಕ್ಕೂ ಹುಳಿ ಹಿಂಡಿದರು. ಹೊಳೆಯ ಉಸುಕು ತೊಯ್ದು ಸುಮ್ಮನಿತ್ತು. ಬಿಳಿ ಉಸುಕಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಅಬ್ಬಾ ಬಟ್ಟಲನ್ನು ದಾದಿಯ ಕಿವಿಗೆ ಹಿಡಿದರು. ಸುಣ್ಣಕ್ಕೆ ಹುಳಿ ಬಿದ್ದರೆ ಹೀಗಾಗುತ್ತದೆ, ಕಲ್ಲಿಗೆ ಆಗುವುದಿಲ್ಲ ಎಂದರು. ದಾದಿ ಬಹಳ ಹೊತ್ತು ಕೇಳಿ, ಏನೋ ಪಿಸಿಪಿಸಿ ಅನ್ನುತ್ತಿದೆ ಎಂದಳು. ಅಂದಿನಿಂದ ನನಗೆ ಅಬ್ಬಾನ ಮಾತಿಗಿಂತ ದೊಡ್ಡ ಪುಸ್ತಕ ಇರಲಿಲ್ಲ.

ಆ ವರ್ಷದ ತುಳಸಿ ಲಗ್ನ ಬಂತು. ಎರಡು ವರ್ಷ ಪತ್ರ ಓದಿದ ಮನೆಗೆ ಏನಾದರೂ ಕೊಡಬೇಕು ಎಂದು ಅಬ್ಬಾ ಒದ್ದಾಡುತ್ತಿದ್ದರು. ನಮ್ಮ ಮನೆಯಲ್ಲಿ ಬೇಯಿಸಿದ್ದು ಅವರಿಗೆ ನಡೆಯುವುದಿಲ್ಲ, ಬಟ್ಟೆ ಕೊಡುವುದು ಹೆಚ್ಚಾಯಿತು. ಕೊನೆಗೆ ಆ ಬಿಳಿ ಉಸುಕನ್ನೇ ಸಣ್ಣ ಜರಡಿಯಲ್ಲಿ ಹಿಡಿದು, ಒಂದು ಹೊಸ ಬುಟ್ಟಿಯಲ್ಲಿ ತುಂಬಿ, ರಂಗೋಲಿಗೆ ಆಗುತ್ತದೆ ಎಂದು ದಿಡ್ಡಿಯಲ್ಲಿ ಇಟ್ಟರು. ಆ ಮನೆಯ ತುಳಸಿ ವೃಂದಾವನ ಕಟ್ಟಿದವರೂ ಅಬ್ಬಾನೇ. ಅದರ ಮುಂದೆ ತಾನು ತಂದ ಉಸುಕಿನ ರಂಗೋಲಿ ಬೀಳಲಿ ಎಂದು ಅವರಿಗೆ ಆಸೆ. ಅದು ಮೀನಿನ ಹೊಟ್ಟೆಯಿಂದ ಬಂದದ್ದು ಎಂಬುದು ಆ ಹೊತ್ತಿಗೆ ಅವರ ತಲೆಗೇ ಬರಲಿಲ್ಲ. ಗೌಂಡಿಗೆ ಉಸುಕು ಎಂದರೆ ಉಸುಕು. ತೊಳೆದದ್ದು, ಹಿಡಿದದ್ದು, ಚೊಕ್ಕ. ಸಮುದ್ರದ ಉಸುಕು ಎಂದು ಕೇಳಿ ಆಯಿಗೂ ಹಿಗ್ಗು. ತೀರ್ಥದ ಸ್ಥಾನದಿಂದ ಬಂದದ್ದು ಎಂದು ಬುಟ್ಟಿಯ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡರು.

ಸಂಜೆ ಕಾಕು ವೃಂದಾವನದ ಸುತ್ತ ಶಂಖ, ಚಕ್ರ, ಗೋಪದ್ಮ ಎಲ್ಲ ಬರೆದಿದ್ದರು. ಬಂದ ಹೆಂಗಸರು ಇಷ್ಟು ಬಿಳಿ ಪುಡಿ ಎಲ್ಲಿ ಸಿಕ್ಕಿತು ಎಂದು ಕೇಳಿದರು. ನಾನು ಕಟ್ಟೆಯ ಅಂಚಿನಲ್ಲಿ ನಿಂತಿದ್ದೆ. ನಾಲ್ಕನೇ ಇಯತ್ತೆಯ ಹುಡುಗಿ, ಎಲ್ಲ ಗೊತ್ತಿದ್ದವಳು. ಕಾಕು ಬಾಯಿ ತೆರೆಯುವ ಮುಂಚೆಯೇ ಅಂದೆ:

“ಅದು ಪುಡಿ ಅಲ್ರಿ, ಮೀನಿನ ಹೇಲು. ಹವಳದ ಹುಳದ ಎಲುಬು ತಿಂದು ಮೀನ ಹಾಕೂ ಉಸುಕು. ನಮ್ಮ ಅಬ್ಬಾ ಕಣ್ಣಾರೆ ನೋಡ್ಯಾರ.”

ಯಾರೂ ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಬ್ಬಾಕೆ ಸೀರೆಯ ನೆರಿಗೆ ಎತ್ತಿ ರಂಗೋಲಿಯಿಂದ ಹಿಂದೆ ಸರಿದಳು. ಆಯಿ ಹರಿ ಹರಿ ಎನ್ನುತ್ತ ಒಳಗೆ ಹೋದರು. ಲಗ್ನ ನಿಂತಿತು. ಕಾಕು ಕೊಡಗಟ್ಟಲೆ ನೀರು ಸುರಿದು ಅಂಗಳ ತೊಳೆದರು, ನೀರಿನ ಜೊತೆ ಬಿಳಿ ಉಸುಕು ಹರಿದು ನಮ್ಮ ದಿಡ್ಡಿಯ ಕೆಳಗಿನಿಂದ ನಮ್ಮ ಹಿತ್ತಲಿಗೇ ಬಂತು. ಮರುದಿನ ಸಾಲೆ ಬಿಟ್ಟು ಬಂದರೆ ದಿಡ್ಡಿ ಆಚೆಯಿಂದ ಅಗಳಿ ಹಾಕಿತ್ತು. ನಾನು ತಳ್ಳಿದೆ, ಬಡಿದೆ, ಪುಸ್ತಕ ಹಿಡಿದು ಅಲ್ಲೇ ಕೂತೆ. ಅಮ್ಮಾ ಬಂದು ತೋಳು ಹಿಡಿದು ಎಬ್ಬಿಸಿದಳು.

ಮೂರನೆಯ ದಿನ ಬೆಳಿಗ್ಗೆ ದಿಡ್ಡಿ ಒಂದು ಗೇಣು ತೆರೆಯಿತು. ಕಾಕು ನಿಂತಿದ್ದರು, ಕಣ್ಣು ಬಾತಿದ್ದವು.

“ಶಾನೂ, ನಿನ್ನಿಂದ ಒಂದು ಕೆಲಸ ಆಗಬೇಕು. ಅತ್ತಿಯವರು ಅವತ್ತಿನಿಂದ ನೀರು ಸುದ್ದಾ ಮುಟ್ಟಿಲ್ಲ. ದೇವರ ಮುಂದ ಹೊಲಸು ಹಾಕಿದ್ವಿ, ನನಗ ಪ್ರಾಯಶ್ಚಿತ್ತ ಇಲ್ಲ ಅಂತ ಮಲಗ್ಯಾರ. ಅದು ಸುಳ್ಳು, ನಾ ಸುಳ್ಳು ಹೇಳಿದೆ ಅಂತ ಒಂದು ಮಾತು ಅಂದುಬಿಡವ್ವಾ.”

“ಅದು ಖರೇ ಐತ್ರಿ ಕಾಕು.”

“ಖರೇ ಇರಬಹುದು. ಮುದುಕಿ ಸಾಯಾಕತ್ತದ.”

ನನ್ನನ್ನು ಕಟ್ಟೆ ದಾಟಿಸಿ ಅವರ ಮನೆಯ ಹಿಂಬಾಗಿಲ ತನಕ ಕರೆದೊಯ್ದರು. ಅಷ್ಟು ಒಳಗೆ ನಾನು ಹೋದದ್ದು ಅದೇ ಮೊದಲು. ಆಯಿ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು, ತುಟಿ ಒಣಗಿ ಬಿರಿದಿತ್ತು. ನನ್ನ ಹಿಂದೆಯೇ ಅಬ್ಬಾ ಬಂದು ಅಂಗಳದಲ್ಲಿ ನಿಂತಿದ್ದರು. ನಾಲ್ಕು ಮಾತು ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದರೆಂದು ಆಮೇಲೆ ಅಮ್ಮಾ ಹೇಳಿದಳು. ಕಾಕು ನನ್ನ ಬೆನ್ನಿಗೆ ಕೈ ಇಟ್ಟರು.

“ಆಯಿ, ಅದು ಸುಳ್ಳ ಐತ್ರಿ,” ಎಂದೆ.

ಆಯಿ ಕಣ್ಣು ತೆರೆದರು. “ಯಾರು ಸುಳ್ಳು ಹೇಳಿದ್ದು?”

ಅಷ್ಟು ಹೊತ್ತೂ ನನ್ನ ಬಾಯಲ್ಲಿ ನಾನು ಎಂಬ ಮಾತು ತಯಾರಿತ್ತು. ಕಾಕು ಕಲಿಸಿದ್ದೂ ಅದನ್ನೇ. ಆದರೆ ಆ ಒಣಗಿದ ಮುಖ ನನ್ನನ್ನೇ ನೆಟ್ಟು ನೋಡುತ್ತಿತ್ತು. ನಾನು ಹೆದರಿದೆ. ಸುಳ್ಳು ಹೇಳಿದ ಹುಡುಗಿಗೆ ಈ ದಿಡ್ಡಿ ಮತ್ತೆ ತೆರೆಯುತ್ತದೆಯೇ ಎಂದು ಹೆದರಿದೆ.

“ಅಬ್ಬಾ,” ಅಂದೆ. “ಅಬ್ಬಾ ಸುಳ್ಳ ಹೇಳ್ಯಾರ್ರಿ.”

ಬೆನ್ನ ಮೇಲಿದ್ದ ಕಾಕುವಿನ ಕೈ ಹಿಂದಕ್ಕೆ ಹೋಯಿತು. ನಾನು ತಿರುಗಿ ನೋಡಲಿಲ್ಲ. ಅಂಗಳದಿಂದ ಅಬ್ಬಾನ ದನಿ ಬಂತು. ಉಸುಕು ಒಳ್ಳೆಯದಿದೆ ಎಂದು ಹೇಳುವಾಗಿನ ಅದೇ ಸಮಾಧಾನದ ದನಿ.

“ಹೌದ್ರಿ ಆಯಿ. ಹುಡುಗಿ ಮುಂದ ಚ್ಯಾಷ್ಟಿಗೆ ಗಪ್ಪಾ ಹೊಡದಿದ್ದೆ. ಆಕಿ ಖರೇ ಅಂತ ತಿಳಕೊಂಡ್ಲು. ಅದು ಬರೇ ಬಿಳಿ ಕಲ್ಲಿನ ಪುಡಿ. ನನ್ನ ತಪ್ಪಾತು, ಊಟಾ ಮಾಡ್ರಿ.”

ಆಯಿ ಒಂದಿಷ್ಟು ಬೈದರು. ಮೂರು ದಿನದ ಉಪವಾಸಕ್ಕೆ ಅದು ಬಹಳ ಸಣ್ಣ ಬೈಗುಳ. ಆಮೇಲೆ ಕಾಕು ತಂದ ನೀರು ಕುಡಿದರು. ದಿಡ್ಡಿಯೂ ತೆರೆಯಿತು. ನಾವು ಮನೆಗೆ ಬಂದಾಗ ಅಬ್ಬಾ ಏನೂ ಆಗಿಲ್ಲವೆನ್ನುವಂತೆ ಕರಣಿ ತೊಳೆದು ಕೆಲಸಕ್ಕೆ ಹೊರಟರು. ಅವರ ಚಪ್ಪಲಿ ಸಪ್ಪಳ ದೂರವಾದ ಮೇಲೆ ಅಮ್ಮಾ ನನ್ನನ್ನು ಹೊಡೆಯಲಿಲ್ಲ, ಒಂದೇ ಮಾತು ಕೇಳಿದಳು.

“ನಿನ್ನ ಹೆಸರು ಹೇಳಿದ್ರ ಏನ ಆಕ್ಕಿತ್ತು? ಹುಡುಗಿ ಅಂತ ಬಿಡತಿದ್ರು. ಅವರ ಹೆಸರು ಯಾಕ ಹೇಳಿದಿ?”

ನಾನು ಪುಸ್ತಕ ಎತ್ತಿಕೊಂಡು ಸಾಲೆಗೆ ಹೋದೆ. ಮಾತು ಊರು ಸುತ್ತಲು ಒಂದು ವಾರ ಸಾಕಾಯಿತು. ಬ್ರಾಹ್ಮಣರ ಮನೆಗೆ ಉಸುಕು ಕೊಟ್ಟು, ಮೀನಿನ ಕಥೆ ಕಟ್ಟಿ, ಆಮೇಲೆ ತಾನೇ ಸುಳ್ಳೆಂದು ಒಪ್ಪಿಕೊಂಡ ಗೌಂಡಿ. ಚಹಾದ ಅಂಗಡಿಯಲ್ಲಿ ಅವರಿಗೆ ಮೀನಗೌಂಡಿ ಎಂದು ಹೆಸರಾಯಿತು. ಹೇಳಪ್ಪಾ ಇನ್ನೊಂದು, ತಿಮಿಂಗಿಲ ಏನು ಹಾಕುತ್ತದೆ, ಸಿಮೆಂಟೋ ಎಂದು ಕೇಳುವರು. ಅಬ್ಬಾ ಅವರ ಜೊತೆಗೇ ನಗುತ್ತಿದ್ದರು. ನಗುವುದು ಸುಲಭ, ಆಮೇಲಿನದು ಸುಲಭವಿರಲಿಲ್ಲ. ಗಾಡಿಯ ಮುಂದೆ ನಿಂತು ಈ ಉಸುಕಿನಲ್ಲಿ ಮಣ್ಣಿದೆ, ಬೇಡ ಎಂದರೆ, ಮಾರುವವನೇ ಹಲ್ಲು ಕಿರಿದು, ಸರಿಯಾಗಿ ಕೇಳು ಗೌಂಡಿ, ಮೀನು ಏನಂತದ ಎನ್ನುತ್ತಿದ್ದ. ಕೂಡಿದವರು ನಗುತ್ತಿದ್ದರು, ಗಾಡಿ ಇಳಿಯುತ್ತಿತ್ತು. ಉಸುಕು ನೋಡಲು ಕರೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಗೋಡೆ ಕಟ್ಟುವ ಕೆಲಸ ನಿಲ್ಲಲಿಲ್ಲ, ಹೊಟ್ಟೆಗೆ ಕೊರತೆಯಾಗಲಿಲ್ಲ. ಹೋದದ್ದು ಮಾತಿನ ತೂಕ ಮಾತ್ರ. ಶುಕ್ರವಾರ ಊಟವಾದೊಡನೆ ಅಬ್ಬಾ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದರು. ದಾದಿ ಒಂದೆರಡು ಸಲ, ಆ ಸಮುದ್ರದ್ದು ಹೇಳೋ ಎಂದಳು, ಸುಳ್ಳು ಹೇಳಿ ಹೇಳಿ ಸಾಕಾಗಿದೆ ಎಂದರು ಅಬ್ಬಾ. ನಾನು ಪುಸ್ತಕ ಹಿಡಿದು ದಿಡ್ಡಿ ದಾಟುತ್ತಿದ್ದೆ. ಕಾಕು ಓದಿಸುತ್ತಿದ್ದರು, ನಾನು ಓದುತ್ತಿದ್ದೆ, ಇಬ್ಬರೂ ತಲೆ ಎತ್ತುತ್ತಿರಲಿಲ್ಲ.

ಆ ಓದಿನಿಂದಲೇ ನಾನು ಸಿಂದಗಿಯ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರಿಣಿಯಾದೆ. ಹವಳದ ಪಾಠ ಬಂದಾಗಲೆಲ್ಲ ಕೆಮ್ಮಿ, ನೀರು ಕುಡಿದು, ಪುಸ್ತಕದಲ್ಲಿದ್ದಷ್ಟನ್ನೇ ಓದಿ ಮುಂದೆ ಹೋಗುತ್ತಿದ್ದೆ. ಇದನ್ನು ನಮ್ಮಪ್ಪ ಕಣ್ಣಾರೆ ನೋಡಿದ್ದಾರೆ ಎಂಬ ಮಾತನ್ನು ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ಮಕ್ಕಳು ಮನೆಗೆ ಹೋಗಿ ಹೇಳುತ್ತವೆ, ಮಾತು ತಾಂಬಾಕ್ಕೆ ಹೋಗುತ್ತದೆ, ಹಾಗಾದರೆ ಅವತ್ತು ಸುಳ್ಳು ಹೇಳಿದ್ದು ಯಾರು ಎಂದು ಯಾರಾದರೂ ಕೇಳುತ್ತಾರೆ. ಊರ ಮಕ್ಕಳಿಗೆಲ್ಲ ಖರೇ ಹೇಳಿರಿ ಎಂದು ಹೇಳಿಕೊಡುವ ಕೆಲಸ ಮಾಡಿ ದಣಿದವಳು ನಾನು.

ದಾದಿ, ಅಮ್ಮಾ, ಆಯಿ, ಮಾಸ್ತರರು ಎಲ್ಲ ಹೋದರು. ಅಬ್ಬಾ ನನ್ನ ಜೊತೆ ಸಿಂದಗಿಯಲ್ಲಿದ್ದರು. ಕಿವಿ ಮಂದವಾಗಿತ್ತು, ತಲೆ ಚುರುಕಾಗಿತ್ತು. ಅವರು ಹಾಸಿಗೆ ಹಿಡಿದ ಸುದ್ದಿ ಕೇಳಿ ಇಂದಿರಾ ಕಾಕು ವಿಜಯಪುರದಿಂದ ಬಂದರು. ಅವರಿಗೂ ಎಂಬತ್ತರ ಹತ್ತಿರ. ಮಂಚದ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಅವರು ಈಗ ನಮ್ಮ ಮನೆಯ ಚಹಾ ಕುಡಿಯುತ್ತಿದ್ದರು. ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು, ಅಬ್ಬಾನ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಹೇಳಿದರು.

“ಮಾಬುಸಾಬ, ನನ್ನ ಮೊಮ್ಮಗಳು ಫೋನಿನ್ಯಾಗ ತೋರಿಸಿದ್ಲು. ಗಿಣಿಯಂಥಾ ಮೀನು, ಹವಳ ಕಡದು ಉಸುಕು ಬಿಡೂದು. ಬೆಳ್ಳಗ, ಹೊಗಿ ಹಂಗ ಬರ್ತದ. ನಾ ನಾಕು ಸಲ ನೋಡಿದೆ. ನೀವು ಹೇಳಿದ್ದು ಖರೇ ಇತ್ತು. ಹುಡುಗಿ ಕಡೆ ಸುಳ್ಳು ಹೇಳಿಸಿದ್ದು ನಾನು. ಈಗರೆ ಒಂದು ಮಾತು ಅನ್ನರಿ, ನನ್ನ ಮನಸಿಗೆ ಸಮಾಧಾನ ಆಗ್ತದ.”

ನಾನು ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಅಬ್ಬಾ ಮೊದಲು ಅವರನ್ನು ನೋಡಿದರು, ಆಮೇಲೆ ತಲೆ ಹೊರಳಿಸಿ ನನ್ನನ್ನು ನೋಡಿದರು. ನಾನೇ ಹೇಳಬಹುದಿತ್ತು. ಖರೇ ಐತಿ ಅಬ್ಬಾ, ಹೇಳಿಬಿಡ್ರಿ ಎಂದರೆ ಸಾಕಿತ್ತು. ಅವರು ನನ್ನ ಬಾಯನ್ನೇ ನೋಡುತ್ತಿದ್ದರು.

“ಇಲ್ರಿ ತಾಯಿ,” ಎಂದರು ಕೊನೆಗೆ. “ಫೋನಿನ್ಯಾಗ ಏನೇನೋ ತೋರಸ್ತಾರ. ನಾ ಹೇಳಿದ್ದು ಸುಳ್ಳಽ. ನಮ್ಮ ಹುಡುಗಿ ಅವತ್ತು ಆಯಿ ಮುಂದ ಹೇಳಿದ್ದಽ ಖರೇ.”

ಕಾಕು ನನ್ನ ಕಡೆ ತಿರುಗಿದರು. ನಾನು ಅವರ ಕೈಯಲ್ಲಿದ್ದ ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದೆ.